ಟೋಪಿಯ ಸುತ್ತ ಆರು ಅಂಕಿ

ಸ್ವೆಟರ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಕೂತು ಮೂವತ್ತೆಂಟು ವರ್ಷ ಉಣ್ಣೆ ಹೆಣೆದವಳು ಆಕೆ. ಓಣಿಗೆಲ್ಲ ಎಣಿಕೆ ದೊಡ್ಡಮ್ಮ. ಶಾಲೆಯ ಋಣ ಮೂರನೇ ತರಗತಿಗೇ ಹರಿದಿತ್ತು. ಆದರೆ ಕುಣಿಕೆ ಎಣಿಸುವುದರಲ್ಲಿ ಎತ್ತಿದ ಕೈ. ಪಕ್ಕದವಳನ್ನು ಬೈಯುತ್ತಿದ್ದಾಗಲೂ ಎಣಿಕೆ ತಪ್ಪುತ್ತಿರಲಿಲ್ಲ.

ಗಂಡನ ತಮ್ಮ ಗಣಿತದ ಮೇಷ್ಟರು. ಮನಸ್ಸು ಬೆಣ್ಣೆ, ನಾಲಿಗೆ ಮಾತ್ರ ಒಂದು ಗೇಣು ಉದ್ದ. "ಅತ್ತಿಗೆ, ಕಡ್ಡಿ ನಿಮ್ದು, ಲೆಕ್ಕ ನಮ್ದು" ಎಂದು ಆಕೆ ಮನೆ ತುಂಬಿದ ದಿನದಿಂದ ಅಣಕಿಸುತ್ತಿದ್ದರು. ಆಕೆಗಿದ್ದದ್ದು ಒಂದೇ ಹಟ: ಲೆಕ್ಕದ ಮಾತಿನಲ್ಲಿ ಆ ಬಾಯಿಂದ ಒಮ್ಮೆ "ಸರಿ" ಅನ್ನಿಸಬೇಕು.

ದಾರಿಯೂ ಸಿಕ್ಕಿತು. ಏಳು ಕುಣಿಕೆಗೊಂದು ಹೂ ಬರುವ ಹೆಣಿಗೆಗಾಗಿ ಆಕೆ ಸದಾ ಏಳರಿಂದ ಭಾಗಿಸುತ್ತಿದ್ದಳು. ಒಂದು ಸಲ ಮೊಂಡುತನಕ್ಕೆ ಬಿದ್ದು, ಉಳಿದ ಶೇಷಕ್ಕೆ ಸೊನ್ನೆ ಹಚ್ಚಿ ಹಚ್ಚಿ ಭಾಗಿಸುತ್ತಲೇ ಹೋದಳು. ಒಂದು, ನಾಲ್ಕು, ಎರಡು, ಎಂಟು, ಐದು, ಏಳು. ಗಾಣದೆತ್ತಿನಂತೆ ಮತ್ತೆ ಮತ್ತೆ ಅವೇ ಆರು. 142857ನ್ನು ಎರಡರಿಂದ ಗುಣಿಸಿದರೆ 285714, ಮೂರರಿಂದ 428571. ಆರರವರೆಗೂ ಅವೇ ಅಂಕಿ, ಅದೇ ಸುತ್ತು, ಶುರುವಾಗುವ ಜಾಗ ಮಾತ್ರ ಬೇರೆ.

ಸುತ್ತುವ ಸಂಖ್ಯೆಗೆ ಸುತ್ತುವ ಜಾಗವೇ ಬೇಕಲ್ಲ! ಮೇಷ್ಟರ ನಿವೃತ್ತಿಯ ದಿನಕ್ಕೆ ನೀಲಿ ಟೋಪಿಯ ಸುತ್ತ ಬಿಳಿ ಅಂಕಿ ಹೆಣೆದು ಶಾಲೆಗೇ ಹೋದಳು.

"ಒಂದರಿಂದ ಓದಿ, ಎರಡರಿಂದ ಗುಣಿಸಿ. ಉತ್ತರಾನೂ ಟೋಪಿ ಮೇಲೇ ಇದೆ" ಎಂದಳು, ಎಲ್ಲ ಶಿಕ್ಷಕರ ಎದುರಿಗೆ.

ಮೇಷ್ಟರು ಟೋಪಿ ತಿರುಗಿಸಿ ಓದಿದರು. "175824. ಎರಡರಿಂದ ಗುಣಿಸಿದ್ರೆ 351648. ಮೂರು ಎಲ್ಲಿಂದ ಬಂತು ಅತ್ತಿಗೆ? ನಿಮ್ಮ ಟೋಪೀಲಿ ಮೂರೇ ಇಲ್ವಲ್ಲ!"

"ಅತ್ತಿಗೆ ನಿಮಗೇ ಟೋಪಿ ಹಾಕಿದ್ರು ಸಾರ್!" ಎಂದರು ಡ್ರಾಯಿಂಗ್ ಮೇಷ್ಟರು. ಕೋಣೆಯೆಲ್ಲ ನಗು.

ದೊಡ್ಡಮ್ಮನ ಕಿವಿ ಕಾದವು. ಟೋಪಿ ಕಸಿದು ನೋಡಿದಳು. ಓದುವುದು ಎಡದಿಂದ ಬಲಕ್ಕೆ, ಹೆಣಿಗೆ ನಡೆಯುವುದು ಬಲದಿಂದ ಎಡಕ್ಕೆ. ಅಂಕಿ ಒಂದೊಂದೂ ನೆಟ್ಟಗಿತ್ತು, ಸಾಲು ಹಿಂದುಮುಂದಾಗಿತ್ತು. ಜೀವಮಾನವೆಲ್ಲ ಹೂ ಹೆಣೆದ ಕೈ, ಹೂವಿಗೆಲ್ಲಿಯ ಎಡಬಲ?

ಟೋಪಿಯ ಒಳಮೈಯನ್ನು ಹೊರಗೆ ಮಾಡಿ ಕೊಟ್ಟಳು. "ಈಗ ಓದಿ ಮೇಷ್ಟ್ರೇ."

ಅಡ್ಡಾದಿಡ್ಡಿ ದಾರಗಳ ನಡುವೆ ಅಂಕಿಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದವು, ಸಾಲು ಮಾತ್ರ ಸರಿಯಾಗಿತ್ತು. ಮೇಷ್ಟರು ಸೀಮೆಸುಣ್ಣ ಹಿಡಿದರು. ಎರಡು, ಮೂರು, ನಾಲ್ಕು, ಐದು, ಆರರಿಂದ ಗುಣಿಸುತ್ತ ಹೋದರು. ಪ್ರತಿಸಲವೂ ಉತ್ತರ ಟೋಪಿಯ ಮೇಲೇ. ಏಳರಿಂದ ಗುಣಿಸಿದಾಗ ಹಲಗೆಯ ಮೇಲೆ ಆರು ಒಂಬತ್ತುಗಳು ಸಾಲಾಗಿ ನಿಂತವು.

"ಯಾರು ಹೇಳ್ಕೊಟ್ರು ಅತ್ತಿಗೆ?"

"ಏಳರ ಹೆಣಿಗೆ ಹೇಳ್ಕೊಡ್ತು. ನಾನು ಕೇಳಿಸ್ಕೊಂಡೆ, ಅಷ್ಟೇ."

"ಸರಿ" ಎಂದರು ಮೇಷ್ಟರು, ಮೆಲ್ಲಗೆ.

"ಏನಂದ್ರಿ?"

"ಸರಿ ಅಂದೆ ಮಾರಾಯ್ತಿ! ಲೆಕ್ಕಾನೂ ನಿಮ್ದೇ!"

ದೊಡ್ಡಮ್ಮ ಕಣ್ಣೊರೆಸಿಕೊಂಡು ಕೈ ಚಾಚಿದಳು. "ಕೊಡಿ, ಬಿಚ್ಚಿ ಸರಿಯಾಗಿ ಹೆಣೆದು ಕೊಡ್ತೀನಿ."

"ಮುಟ್ಟಿದ್ರೆ ನೋಡಿ!" ಎಂದು ಮೇಷ್ಟರು ಒಳಮೈ ಹೊರಗಿದ್ದ ಟೋಪಿಯನ್ನು ಹಾಗೇ ಕಿವಿಯವರೆಗೆ ಎಳೆದುಕೊಂಡು, ದಾರ ನೇತಾಡುತ್ತಿದ್ದಂತೆಯೇ ಬೀದಿಗಿಳಿದರು.