ಪ್ರಕಾಶನ ಗೇಟಿನ ಕ್ಯಾಮೆರಾ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಪಕ್ಕದ ಮನೆ ಬೇಲಿಯ ದಾಸವಾಳಕ್ಕೆ ಕೈ ಹಾಕಿದ್ದೇ ತಡ, ಗೇಟಿನ ಮೇಲಿದ್ದ ಕ್ಯಾಮೆರಾ ಮಾತಾಡಿತು. "ಯಾರ್ರೀ ಅದು?"

ದೇವರಿಗೆ ಅಂತ ಕೇಳದೆ ಹೂ ಕೊಯ್ಯುವುದು ನಮ್ಮ ಸಾಗರದಲ್ಲಿ ಕಳ್ಳತನವೇನಲ್ಲ. ಆದರೂ ಕೈ ಹಿಂದಕ್ಕೆ ಎಳೆದುಕೊಂಡೆ ನೋಡಿ.

"ಓ, ಮಾವ, ನೀವಾ? ಕೊಯ್ಕೊಳ್ಳಿ." ಪಕ್ಕದ ಮನೆ ಪ್ರಕಾಶನ ದನಿ. ಆನಂದಪುರದ ತನ್ನ ಹೋಟೆಲಿನಲ್ಲಿ ಕೂತು ಮೊಬೈಲಿನಲ್ಲಿ ನನ್ನನ್ನು ನೋಡುತ್ತಿದ್ದಾನೆ. "ದಿನಾ ನೋಡ್ತೀನಲ್ಲ. ನಿನ್ನೆ ಒಬ್ರೇ ಎಂತದೋ ಮಾತಾಡ್ತಾ ಇದ್ರಿ?"

ಸಿಟ್ಟು ಬಂತು. ಹೆಂಡತಿ ತೀರಿಕೊಂಡ ಮೇಲೆ ಬೆಳಿಗ್ಗೆ ಹೂ ಕೊಯ್ಯುತ್ತಾ ಅವಳ ಹತ್ತಿರ ನಾಲ್ಕು ಮಾತಾಡುತ್ತೇನೆ. ಅದು ಊರಿಗೆ ಕೇಳಲಿ ಅಂತಲ್ಲ. ಸಿಟ್ಟಿಗೆ ಕಾಲೇಜಿನ ಇಂಗ್ಲಿಷೇ ಸರಿ ಅಂತ ಶುರು ಮಾಡಿದೆ. "ಪ್ರಕಾಶ, ದಿಸ್ ಈಸ್ ಇನ್ವೇಷನ್ ಆಫ್..." ಮುಂದಿನದು ನೆನಪಾಗಲಿಲ್ಲ. "ಇರಲಿ, ಇದನ್ನ ಯಾವಾಗ ಹಾಕ್ಸಿದ್ದು?"

"ಹೋದ ವರ್ಷ ಮಾವ. ಅತ್ತೆ ಹೂವಿಗೆ ಬರ್ತಿದ್ರಲ್ಲ, ಆಗ್ಲೇ. ಅವ್ರು ಅರಳಿದ್ದು ಮಾತ್ರ ಕೊಯ್ತಿದ್ರು, ಒಂದು ಮೊಗ್ಗೂ ಮುಟ್ತಿರ್ಲಿಲ್ಲ."

ಇಂಗ್ಲಿಷ್ ಅಲ್ಲಿಗೇ ನಿಂತಿತು. "ಹಂಗಾದ್ರೆ ಅವಳ ವಿಡಿಯೋ ಅದ್ರಲ್ಲಿ ಇದ್ಯಾ?"

"ಇಲ್ಲ ಮಾವ. ಹಳೇದೆಲ್ಲ ತನ್ನಷ್ಟಕ್ಕೇ ಅಳಿಸಿ ಹೋಗತ್ತೆ."

ನನ್ನನ್ನು ಯಾಕೆ ನೋಡುತ್ತೀಯ ಅಂತ ಜಗಳ ತೆಗೆದವನು, ಅವಳನ್ನು ಯಾಕೆ ಉಳಿಸಿಕೊಳ್ಳಲಿಲ್ಲ ಅಂತ ಬೈದು ಮನೆಗೆ ಬಂದೆ. ಆ ಬೈಗುಳವೂ ರೆಕಾರ್ಡ್ ಆಗಿರುತ್ತದೆ. ಅದೂ ಕೆಲವು ದಿನ ಮಾತ್ರ.