ಉಪ್ಪಿನ ಭರಣಿಯ ಏಡಿ

ಸೇಡಂ ರಸ್ತೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಕಡಲಿನ ಪರಾವಲಂಬಿಗಳ ಮೇಲೆ ಸಂಶೋಧನೆ ಮಾಡುತ್ತೇನೆಂದರೆ ಸಹೋದ್ಯೋಗಿಗಳಿಗೆ ನಗು. "ಕಲಬುರಗ್ಯಾಗ ಕುಂತು ಸಮುದ್ರದ ಹುಳ ಎಣಸ್ತಾರ ನೋಡ್ರೀ ಮೇಡಮ್ಮಾರು!" ನಗಲಿ ಬಿಡಿ. ಕಡಲಲ್ಲಿ ಬೆನ್ನುಮೂಳೆಯಿಲ್ಲದ ಜೀವಗಳೇ ಹೆಚ್ಚು. ಅವುಗಳ ಮೈಯೊಳಗೆ ಬದುಕುವವು ಇನ್ನೆಷ್ಟೋ, ಹಲವಕ್ಕೆ ಹೆಸರೇ ಇಟ್ಟಿಲ್ಲ. ಯಾವುದು ಯಾವುದರ ಮೇಲೆ ಬದುಕಿದೆ ಎಂದು ತಿಳಿಯದೆ ಸಮುದ್ರ ತಿಳಿಯುವುದಿಲ್ಲ.

ಆ ಸಲ ಕಾರವಾರದಿಂದ ಒಂದು ಗಂಡು ಏಡಿ ತಂದಿದ್ದೆ. ಹೊಟ್ಟೆಯಡಿ ಹಳದಿ ಚೀಲ. ಆ ಚೀಲವೇ ಪರಾವಲಂಬಿ. ಏಡಿಯ ಮೈತುಂಬ ಬೇರು ಬಿಟ್ಟು, ಗಂಡನ್ನೂ ತಾಯಿಯಂತೆ ಮಾಡಿ, ತನ್ನ ಮೊಟ್ಟೆಗಳನ್ನು ಅದರ ಕೈಯಲ್ಲೇ ಜೋಪಾನ ಮಾಡಿಸುತ್ತದೆ. ಮೂರು ವರ್ಷ ಹುಡುಕಿ ಸಿಕ್ಕಿದ್ದು ಅದೊಂದೇ. ನನ್ನ ಪ್ರಬಂಧದ ಕೊನೆಯ ಅಧ್ಯಾಯ ಅದರ ಮೇಲೇ ನಿಂತಿತ್ತು. ಸ್ಪಿರಿಟ್ ತುಂಬಿದ ಬಾಟಲಿಯಲ್ಲಿ ಇಟ್ಟು, ವಿವರದ ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದು ಒಳಗೇ ಹಾಕಿದ್ದೆ, ಶಾಯಿಯಾದರೆ ಅಳಿಸಿಹೋಗುತ್ತದೆ. ಬಂದವಳು ಮೊದಲು ಕಮಲಾಪುರದ ತವರಿಗೆ ಹೋದೆ. ಮರುದಿನ ಕೆಂಪು ಬಾಳೆಹಣ್ಣಿನ ಚೀಲ ಹೊತ್ತು ಕಲಬುರಗಿಗೆ ಬಂದೆ, ಬಾಟಲಿ ಅಲ್ಲೇ ಮರೆತು!

ಬೆಳಿಗ್ಗೆ ಅವ್ವನ ಫೋನು. "ಶೆರೆ ವಾಸನಿ ಹೊಡೀತಿತ್ತು. ಲಿಂಗಪೂಜಿ ಆಗೋ ಮನಿ ಇದು, ಖಬರ್ ಅದ ಏನ್ ನಿನಗ? ಎಲ್ಲಾ ಬಚ್ಚಲಕ್ಕ ಸುರುವಿ ಬಾಟ್ಲಿ ತೊಳದಿಟ್ಟೀನಿ!"

"ಏಡಿ?" ಎನ್ನುವಷ್ಟರಲ್ಲಿ ಫೋನು ಇಟ್ಟೇಬಿಟ್ಟಳು. ಮತ್ತೆ ಎತ್ತಲಿಲ್ಲ. ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವ್ವನನ್ನು ಬೈದೆ, ನನ್ನನ್ನೂ ಬೈದುಕೊಂಡೆ. ಅಳುವೇ ಬಂತು.

ಮನೆ ಮುಟ್ಟಿದಾಗ ಅವ್ವ ಹಿತ್ತಲಿನ ಕಟ್ಟೆಯ ಮೇಲಿದ್ದ ಹಳೆಯ ಪಿಂಗಾಣಿ ಭರಣಿ ತೋರಿಸಿದಳು. ಮುಚ್ಚಳ ತೆಗೆದರೆ ಕಂಠಮಟ್ಟ ಗಟ್ಟಿ ಉಪ್ಪುನೀರು. ಅದರೊಳಗೆ ಏಡಿ, ಅದರ ಚೀಲ, ನನ್ನ ಚೀಟಿ.

"ನಿಂಬಿಹಣ್ಣು ಹಿಂಡಿದಿ ಏನವ್ವಾ?" ಎಂದೆ. ಹುಳಿ ಬಿದ್ದರೆ ಚಿಪ್ಪು ಮೆತ್ತಗಾಗುತ್ತದೆ.

"ಯಾಕ, ತಿಂತಿ ಏನ್ ಅದನ್ನ?"

ಅಬ್ಬಾ! ಅಲ್ಲೇ ನೆಲದ ಮೇಲೆ ಕೂತು ನಕ್ಕೆ. ಗಟ್ಟಿ ಉಪ್ಪುನೀರಿನಲ್ಲಿ ಮಾಂಸ ಅಷ್ಟು ಬೇಗ ಕೆಡುವುದಿಲ್ಲ. ಚೀಲಕ್ಕೆ ಒಂದು ಗೀರೂ ಆಗಿರಲಿಲ್ಲ. ಮೀನಿನ ವಾಸನೆಗೇ ಮೂಗು ಮುಚ್ಚುವವಳು ಇದನ್ನು ಹೇಗೆ ಮುಟ್ಟಿದಳೋ!

"ಒಗೀಲಿಲ್ಲ ಯಾಕವ್ವಾ?"

"ಇಕ್ಕಳದಾಗ ಹಿಡದು ತಿಪ್ಪಿಗಿ ಒಗಿಯಾಕೇ ಹೊಂಟಿದ್ದೆ. ಚೀಟ್ಯಾಗ ನಿನ್ನ ಅಕ್ಷರ ಕಂಡ್ವು. ಕೈ ಬರಲಿಲ್ಲ ನೋಡು."