ಎಸ್ತೇರಾ ಕೊಟ್ಟ ಕೋಳಿ

ಪುಣೆಯ ಬಿಬವೇವಾಡಿಯ ಅವ್ವಮ್ಮನಿಗೆ ಯಾರಾದರೂ ಏನಾದರೂ ಕೊಟ್ಟರೆ, ಅದು ಅವಳ ಮನೆಯಲ್ಲಿ ಒಂದು ದಿನ ನಿಂತರೆ ದೊಡ್ಡದು. ಮಗಳು ತಂದ ಸೀರೆ ತಂಗಿಗೆ. ಪಕ್ಕದ ಮನೆಯ ಸಾಯಲಿ ಕೊಟ್ಟ ಹೋಳಿಗೆ ಮೇಲಿನ ಮನೆಯ ಅಜ್ಜನಿಗೆ. ಅವಳು ರೊಟ್ಟಿ ಬಡಿಯುವ ಖಾನಾವಳಿಯ ಮಾಲೀಕ ದೀಪಾವಳಿಗೆ ಕೊಟ್ಟ ಮಿಠಾಯಿ ಡಬ್ಬಿ, ಮುಚ್ಚಳ ತೆಗೆಯುವ ಮೊದಲೇ ಚರ್ಚಿಗೆ.

“ಒಂದ ತುಣಕರ ಬಾಯಾಗ ಹಾಕ್ಕೋಬಾರದಾ?” ಎಂದು ಗಂಡ ಜಟ್ಟೆಪ್ಪ ಗೊಣಗುವನು. ಬೀದರ ಕಡೆಯಿಂದ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಬಂದು ಪುಣೆಯಲ್ಲೇ ಮುದುಕನಾದವನು, ಗೊಣಗುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

“ನನಗ್ಯಾಕ್ರಿ? ದೇವರು ಏನ ಕಡಿಮಿ ಮಾಡ್ಯಾನ?” ಇದು ಅವಳ ಖಾಯಂ ಉತ್ತರ.

ಅವರ ಕನ್ನಡ ಚರ್ಚಿನವರು ಆಫ್ರಿಕಾದ ಮಲಾವಿಗೆ ಸೇವೆಗೆ ಹೋಗುವುದೆಂದು ನಿಶ್ಚಯವಾಯಿತು. ಅಲ್ಲೊಂದು ಹಳ್ಳಿಯ ಶಾಲೆಗೆ ಅಡುಗೆಮನೆ ಕಟ್ಟಬೇಕು, ಇರುವಷ್ಟು ದಿನ ಮಕ್ಕಳಿಗೆ ಬೇಯಿಸಿ ಹಾಕಬೇಕು. ಪಾಸ್ಟರ್ ಪ್ರೇಮಕುಮಾರ ಸೀದಾ ಅವ್ವಮ್ಮನ ಮನೆಗೆ ಬಂದರು. “ಅಡಗಿಗೆ ನಿಮ್ಮನ್ನ ಬಿಟ್ರ ಯಾರದಾರ್ರಿ, ಅವ್ವಾರ?” ಇಂದಾಪುರ ದಾಟಿ ಬೀದರಿಗೆ, ಮತ್ತೆ ಇಂದಾಪುರ ದಾಟಿ ಪುಣೆಗೆ, ಅಷ್ಟೇ ಆ ತಾಯಿ ಮಾಡಿದ್ದ ಪ್ರವಾಸ. ಆದರೂ ಹೂಂ ಅಂದಳು, ವಿಮಾನ ಹತ್ತಿದಳು. ವಿಮಾನದಲ್ಲಿ ಕೊಟ್ಟ ಬಿಸ್ಕತ್ತನ್ನೂ ಪಕ್ಕದವರ ಕೂಸಿಗೆ ಕೊಟ್ಟಳು, ಅದು ಬಿಡಿ.

ಆ ಹಳ್ಳಿಯ ಶಾಲೆಯಲ್ಲಿ ಗಂಜಿ ಕಾಸುತ್ತಿದ್ದವಳು ಎಸ್ತೇರಾ. ಅವ್ವಮ್ಮನದೇ ವಯಸ್ಸು, ಅವಳಷ್ಟೇ ಅಗಲ. ಇವಳ ಮಾತು ಅವಳಿಗೆ ತಿಳಿಯದು, ಅವಳದು ಇವಳಿಗೆ ತಿಳಿಯದು. ಆದರೇನು, ಒಲೆ ಮುಂದೆ ಕೂತ ಇಬ್ಬರು ಹೆಂಗಸರಿಗೆ ಮಾತಿಗೆ ಬರವೇ? ಅವ್ವಮ್ಮ ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದು ತೋರಿಸಿದಳು. ಎಸ್ತೇರಾಳ ಮೊದಲ ರೊಟ್ಟಿ ಹರಿದು ಒಲೆಗೆ ಬಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಂದು ಶನಿವಾರ ಸಂಜೆ ಎಸ್ತೇರಾ ಕೆಂಪು ಕೋಳಿಯೊಂದನ್ನು ಅವುಚಿಕೊಂಡು ಬಂದಳು. ಮೊಣಕಾಲೂರಿ, ಎರಡೂ ಕೈಯಿಂದ ಅವ್ವಮ್ಮನಿಗೆ ಕೊಟ್ಟಳು. ಅವ್ವಮ್ಮನ ಕಣ್ಣು ತುಂಬಿತು. ಆಮೇಲೆ ಮಾಡಿದ್ದೇನು? ಮರುದಿನ ಬೆಳಿಗ್ಗೆ ಆ ಕೋಳಿಯನ್ನು ಚರ್ಚಿಗೆ ಒಯ್ದು, ತುಂಬಿದ ಸಭೆಯ ಎದುರು ಕಾಣಿಕೆಯಾಗಿ ಇಟ್ಟುಬಿಟ್ಟಳು! ಅವಳ ಚರ್ಚಿನ ಪದ್ಧತಿಯೇ ಅದು. ಸುಗ್ಗಿ ಹಬ್ಬಕ್ಕೆ ಮನೆಯಲ್ಲಿದ್ದ ಒಳ್ಳೆಯ ಕೋಳಿ, ಕುಂಬಳಕಾಯಿ ಎಲ್ಲ ದೇವರಿಗೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವು ಕೂಗುತ್ತಾರೆ, ಹೆಚ್ಚು ಕೂಗಿದವರು ಮನೆಗೆ ಒಯ್ಯುತ್ತಾರೆ. ಒಳ್ಳೆಯದೆಲ್ಲ ದೇವರ ಮುಂದೆ ಇಡಬೇಕೆನ್ನುವುದು ಅವಳಿಗೆ ಗೊತ್ತಿತ್ತು. ಮುಂದಿನ ಸಾಲಿನಲ್ಲಿದ್ದ ಎಸ್ತೇರಾ ಎದ್ದು ಹೊರಗೆ ಹೋದದ್ದು ಮಾತ್ರ ಅವಳಿಗೆ ಅರ್ಥವಾಗಲಿಲ್ಲ.

ಸೋಮವಾರ ಎಸ್ತೇರಾ ಒಲೆಯ ಹತ್ತಿರ ಬರಲಿಲ್ಲ. ಮಂಗಳವಾರವೂ ಇಲ್ಲ. ಪ್ರೇಮಕುಮಾರ ಅಲ್ಲಿಯ ಮಾಸ್ತರನನ್ನು ಇಂಗ್ಲಿಷಿನಲ್ಲಿ ಕೇಳಿಕೊಂಡು ಬಂದರು.

“ಅವ್ವಾರ, ನಾವು ಬರೋ ಸುದ್ದಿ ತಿಳಿದಾಗಿಂದ ಆಕಿ ಆ ಕೋಳಿ ಸಾಕ್ಯಾಳಂತ. ಬಂದವರು ನನ್ನ ಮನ್ಯಾಗ ಕೂತು ಉಣಬೇಕು ಅಂತ. ನೀವು ಎಲ್ಲಾರ ಮುಂದ ಅದನ್ನ ದೂಡಿದ್ರಿ ಅಂತ ಭಾಳ ನೊಂದಾಳ.”

“ನಾ ದೇವರಿಗೆ ಕೊಟ್ಟೇನ್ರಿ, ಅಯ್ಯಾರ!”

“ಹೌದ್ರಿ. ಆದ್ರ ಆಕಿ ಕೊಟ್ಟಿದ್ದು ನಿಮಗ್ರಿ.”

ಅವ್ವಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಸಮುದ್ರ ದಾಟಿ ಸೇವೆಗೆಂದು ಬಂದು, ಅಕ್ಕರೆಯಿಂದ ಹತ್ತಿರ ಬಂದ ಒಬ್ಬ ಹೆಂಗಸಿನ ಮನಸ್ಸು ಮುರಿದು ಹೋಗುವುದೇ? ಹೊರಡುವ ದಿನ ಬೇರೆ ಸಮೀಪಿಸಿತ್ತು. ಕೋಳಿ ಚರ್ಚಿನ ಹಿತ್ತಲಲ್ಲೇ ಕಟ್ಟಿತ್ತು. ಆದರೆ ದೇವರಿಗೆ ಕೊಟ್ಟದ್ದನ್ನು ಯಾವ ಬಾಯಲ್ಲಿ ವಾಪಸ್ ಕೇಳುವುದು? ರಾತ್ರಿ ಅನ್ನ ಸೇರಲಿಲ್ಲ ಅವಳಿಗೆ. ಬೆಳಗಾದದ್ದೇ ಪ್ರೇಮಕುಮಾರರ ಬಾಗಿಲು ಬಡಿದಳು. “ಅಯ್ಯಾರ, ಲಿಲಾವು ಕೂಗ್ರಿ! ನಾನ ಬಿಡಸ್ಕೋತೀನಿ!”

ಬುಧವಾರದ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಕೋಳಿ ಹಿಡಿದು ಪ್ರೇಮಕುಮಾರ ನಿಂತರು. ಮಾಸ್ತರ ಊರವರಿಗೆ ಆಟ ತಿಳಿಸಿದ. ಅವ್ವಮ್ಮ ಕೂಗಿದಳು, “ಶಾಲಿ ಮಕ್ಕಳಿಗೆ ಹತ್ತು ರೊಟ್ಟಿ!” ತಂಡದ ಇಲೆಕ್ಟ್ರಿಶಿಯನ್ ನಿತಿನನಿಗೆ ಚೇಷ್ಟೆ ತಡೆಯಲಿಲ್ಲ. “ಚರ್ಚಿಗೆ ಎರಡು ಬಲ್ಬು!” ಎಂದ.

“ಏ ಭಾಡ್ಯಾ, ಸುಮ್ಕಿರ್ತಿಯೋ ಇಲ್ಲೋ! ಇಪ್ಪತ್ತು ರೊಟ್ಟಿ!”

ಜನ ಬಿದ್ದು ಬಿದ್ದು ನಕ್ಕರು. ಗದ್ದಲ ಕೇಳಿ ಎದುರು ಮನೆಯ ಎಸ್ತೇರಾ ಹೊರಗೆ ಬಂದಳು. ಮಾಸ್ತರ ಅವಳಿಗೆ ಹೇಳಿದ, ಅವರ ಊರಿನ ಪದ್ಧತಿ ಹೀಗೆ, ಒಳ್ಳೆಯದೆಂದೇ ದೇವರ ಮುಂದೆ ಇಟ್ಟಳು, ಈಗ ನೀನು ಕೊಟ್ಟ ಕೋಳಿಗಾಗಿ ಜಗಳಾಡುತ್ತಿದ್ದಾಳೆ ಎಂದು. ಎಸ್ತೇರಾ ಸೊಂಟಕ್ಕೆ ಕೈ ಕೊಟ್ಟು ಕೋಳಿಯನ್ನೂ ಅವ್ವಮ್ಮನನ್ನೂ ನೋಡಿದಳು. ಆಮೇಲೆ ಜೋರಾಗಿ ಏನೋ ಕೂಗಿದಳು.

“ಒಂದು ಬುಟ್ಟಿ ಮೆಕ್ಕೆಜೋಳ ಅಂತಾಳ್ರಿ!” ಎಂದರು ಪ್ರೇಮಕುಮಾರ, ಮಾಸ್ತರನನ್ನು ಕೇಳಿ.

ಅವ್ವಮ್ಮ ಬೇಕೆಂದೇ ಮುಂದೆ ಕೂಗಲಿಲ್ಲ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ! ಕೋಳಿ ಎಸ್ತೇರಾಳ ಕೈ ಸೇರಿತು. ಅವಳು ಅದನ್ನು ಅವುಚಿಕೊಂಡು ಸೀದಾ ಅವ್ವಮ್ಮನ ಎದುರು ಬಂದು ನಿಂತಳು. ಈ ಸಲ ಮೊದಲು ಮೊಣಕಾಲೂರಿದವಳು ಅವ್ವಮ್ಮ, ಸೊಂಟ ಲಟಕ್ಕೆಂದರೂ ಲೆಕ್ಕಿಸದೆ. ಎರಡೂ ಕೈ ಚಾಚಿದಳು. ಎಸ್ತೇರಾ ಕೋಳಿಯನ್ನು ಆ ಕೈಗಳಲ್ಲಿಟ್ಟು, ಗಟ್ಟಿಯಾಗಿ ನಕ್ಕುಬಿಟ್ಟಳು. ಅವ್ವಮ್ಮನಿಗೆ ಹೋದ ಜೀವ ಬಂದಂತಾಯಿತು.

ಆ ಸಂಜೆ ಎಸ್ತೇರಾಳ ಮನೆಯಲ್ಲಿ ಊಟ. ತಟ್ಟೆಗೆ ದೊಡ್ಡ ತುಣುಕು ಬಿದ್ದ ಕೂಡಲೇ ಅವ್ವಮ್ಮ ಹಳೆ ಚಾಳಿಯಂತೆ ಅದನ್ನು ಯಾರಿಗೆ ಹಾಕಲಿ ಎಂದು ಆಚೀಚೆ ನೋಡಿದಳು. ಎಸ್ತೇರಾ ಅವಳ ಕೈಗೆ ಒಂದು ಏಟು ಕೊಟ್ಟಳು. ಅವ್ವಮ್ಮ ಅದನ್ನು ತಾನೇ ತಿಂದಳು. ಎಷ್ಟು ರುಚಿಯಾಗಿತ್ತೆಂದರೆ, ಮೂಳೆಯನ್ನೂ ಬಿಡಲಿಲ್ಲ.

ಪುಣೆಗೆ ಮರಳಿದ ಮರುದಿನವೇ ಸಾಯಲಿ ಹೋಳಿಗೆ ತಂದಳು. ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿದ್ದಳು, ಇದು ಹೇಗೂ ಮೇಲಿನ ಅಜ್ಜನಿಗೆ ಹೋಗುವುದು ಎಂದು ಅವಳಿಗೂ ರೂಢಿಯಾಗಿತ್ತು. ಅವ್ವಮ್ಮ ಎರಡೂ ಕೈಯಿಂದ ತೆಗೆದುಕೊಂಡಳು. ಹೊಸ್ತಿಲಲ್ಲೇ ಕೂತು, ಮುಚ್ಚಿದ್ದ ತಾಟು ತೆಗೆದಿಟ್ಟು, ಹೋಳಿಗೆ ಮುರಿದು ತುಪ್ಪಕ್ಕೆ ಅದ್ದಿ ಬಾಯಿಗೆ ಹಾಕಿಕೊಂಡಳು. ಸಾಯಲಿ ನಿಂತಲ್ಲೇ ನಿಂತು ಅವಳ ಬಾಯನ್ನೇ ನೋಡತೊಡಗಿದಳು.

“ಛಾನ್ ಅದ, ಬಾಳಾ,” ಎಂದಳು ಅವ್ವಮ್ಮ, ಚೆನ್ನಾಗಿದೆ ಮಗಳೇ ಎಂದು ಮರಾಠಿ ಬೆರೆಸಿ. ಆ ಹುಡುಗಿಯ ಮುಖ ಅಷ್ಟಗಲವಾಯಿತು.

ಒಳಗಿನಿಂದ ಬಂದ ಜಟ್ಟೆಪ್ಪ ಇದನ್ನು ನೋಡಿ ತಾನೂ ಕೈ ಚಾಚಿದ.

“ಹಾಂ ಹಾಂ,” ಎಂದು ಅವ್ವಮ್ಮ ತಾಟನ್ನು ಆಚೆ ಸರಿಸಿದಳು. “ನನಗ ಕೊಟ್ಟಾಳ್ರಿ.”